ಮುತ್ತಾತನ ಪದಕಗಳನ್ನು ಉಜ್ಜಬೇಡಿ

ಕುಟುಂಬದ ಎಲ್ಲರಿಗೂ ನಮಸ್ಕಾರ.

ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದ ನಮ್ಮ ಮುತ್ತಾತನ ಸೇವೆಯ ವಿವರಗಳನ್ನು ಒಂದೆಡೆ ಸೇರಿಸುತ್ತಿದ್ದೇವೆ. ಸವಾರನಾಗಿ ಸೇರಿ ದಫೇದಾರನಾಗಿ (ಕುದುರೆ ದಳದ ಹವಾಲ್ದಾರ್) ಪಿಂಚಣಿ ಪಡೆದವರು ಅವರು. ನಡುವಿನ ವರ್ಷಗಳು ನಮ್ಮ ನಿಮ್ಮ ಮನೆಗಳ ಟ್ರಂಕುಗಳಲ್ಲಿ ಚದುರಿಹೋಗಿವೆ.

ಮಕ್ಕಳಿಗೂ ತಿಳಿದಿರಲಿ: ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಈ ದಳ ಈಜಿಪ್ಟಿಗೆ ಹೊರಟು ಮೊದಲು ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ಸವಾರರು ಊರಿನತ್ತ ನುಗ್ಗುವಾಗ, ಮೈಸೂರಿನವರು ಕಡಿದಾದ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡರು. ಎದುರಿಗೆ ತುರ್ಕಿ ಸೈನ್ಯದ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ! ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಸ್ಮಾರಕ. ಅಲ್ಲಿಗೆ ಹೋದವರು ದಯವಿಟ್ಟು ನಿಂತು ನೋಡಿ ಬನ್ನಿ.

ಈಗ ಕೋರಿಕೆ. ಆ ಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ದಳ ಕೆತ್ತಿರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಆ ಅಕ್ಷರಗಳೇ ಸವೆಯುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ಹಗಲು ಬೆಳಕಿನಲ್ಲಿ ಅಂಚಿನ ಫೋಟೋ ತೆಗೆದು ಇಲ್ಲಿ ಹಾಕಿ. ಪಿಂಚಣಿ ಕಾಗದ, ಪತ್ರ, ಸಮವಸ್ತ್ರದ ಚಿತ್ರ ಏನಿದ್ದರೂ ಎರಡೂ ಬದಿ ಬೇಕು. ಹಿಂಬದಿಯ ಬರಹವನ್ನು ಬಿಡಬೇಡಿ. ಹರಿದ ಕಾಗದಕ್ಕೆ ಟೇಪ್ ಅಂಟಿಸಬೇಡಿ.

ದೊಡ್ಡಪ್ಪ, ಅತ್ತೆಯರೇ, ನಿಮಗೆ ನೆನಪಿರುವುದನ್ನು ಧ್ವನಿ ಸಂದೇಶದಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳುವ ಕೆಲಸ ನನ್ನದು. ಯುಗಾದಿಯೊಳಗೆ ಕಳುಹಿಸಿ.