ಮಂಡ್ಯದ ಗೆಳೆಯನಿಗೆ, ಸಿಗಾರ್ ವಿಷಯವಾಗಿ

ಲೋ ಮಗಾ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. "ತಲೆ ತಿರುಗ್ದಂಗೆ, ವಾಂತಿ ಆಗ್ದಂಗೆ ಸಿಗಾರ್ ಸೇದೋದು ಹೆಂಗ್ಲಾ, ಹೊಗೆಸೊಪ್ಪಿನ ಮನೇಲಿ ಹುಟ್ಟಿದವ್ನು ನೀನು, ಹೇಳು" ಅಂದಿದೀಯ. ಫೋನಲ್ಲೇ ಹೇಳಿ ಮುಗಿಸ್ಬೋದಿತ್ತು, ಆದ್ರೆ ಆವತ್ತು ನಿನ್ನ ತೋಟದ ಊಟದಲ್ಲಿ ಸಿಗಾರ್ ಸೇದಿ ನಿಂಗೆ ತಲೆ ತಿರುಗಿದ್ದು ನೋಡ್ದೋರೆಲ್ಲಾ ಇಲ್ಲೂ ಇದಾರೆ, ಅವರಲ್ಲಿ ಅರ್ಧ ಜನ ಇನ್ನೂ ನಿಂಗೆ ಬಿಪಿ ಅಂತ್ಲೇ ನಂಬ್ಕೊಂಡಿದಾರೆ, ಅದಕ್ಕೆ ಎಲ್ರೂ ಓದ್ಲಿ ಅಂತ ಇಲ್ಲೇ ಬರೀತಿದೀನಿ. ಟಾರ್ಚ್ ಸ್ವಾಮಿ ವಿಷಯ ಎತ್ತಲ್ಲ, ಮಾತು ಕೊಟ್ಟಿದೀನಿ.

ಅದು ಬಿಪಿ ಅಲ್ಲ, ಗ್ಯಾಸ್ಟ್ರಿಕ್ ಅಲ್ಲ, ನಿಮ್ಮತ್ತೆ ಹೇಳ್ದಂಗೆ ನಾಲೆ ಏರಿ ಮೇಲಿನ ಗಾಳಿ ಸೋಕಿದ್ದೂ ಅಲ್ಲ. ಮೈಗೆ ನಿಕೋಟಿನ್ ಜಾಸ್ತಿ ಆಗಿದ್ದು. ವರ್ಷಕ್ಕೆ ಒಂದೋ ಎರಡೋ ಸಿಗರೇಟ್ ಸೇದೋನು ನೀನು, ಬಾಡೂಟ ಲೇಟಾಗಿ ಹೊಟ್ಟೆ ಖಾಲಿ, ಅದರ ಮೇಲೆ ರಮ್ಮು, ಅಂಥದ್ರಲ್ಲಿ ನಿನ್ನ ಭಾಮೈದ ದುಬೈಯಿಂದ ತಂದಿದ್ದ ಆ ಏಳಿಂಚಿನ, ಚರ್ಚಿಲ್ ಅನ್ನೋ ಸೈಜಿನ ಸಿಗಾರನ್ನ ಬಸ್ ಬರೋದ್ರೊಳಗೆ ಮುಗಿಸ್ಬೇಕು ಅನ್ನೋರ ಥರ ಎಳೆದೆ. ಒಂದು ಸಿಗರೇಟಲ್ಲಿ ಒಂದು ಗ್ರಾಂ ಹೊಗೆಸೊಪ್ಪೂ ಇರಲ್ಲ, ದೊಡ್ಡ ಸಿಗಾರಲ್ಲಿ 5ರಿಂದ 17 ಗ್ರಾಂ ಇರುತ್ತೆ. ಸಿಗರೇಟಲ್ಲಿ ಸುಮಾರು 10 ಮಿಲಿಗ್ರಾಂ ನಿಕೋಟಿನ್ ಇದ್ರೆ ಅದರಲ್ಲಿ ಒಂದು, ಒಂದೂವರೆ ಮಿಲಿಗ್ರಾಂ ಮಾತ್ರ ಸೇದೋನ ಮೈಗೆ ಹೋಗೋದು, ದೊಡ್ಡ ಸಿಗಾರಲ್ಲಿ 100ರಿಂದ 200 ಮಿಲಿಗ್ರಾಂವರೆಗೂ ಇರ್ಬೋದು. ಅದಕ್ಕೇ ಅದನ್ನ ಒಂದು ಗಂಟೆ, ಒಂದೂವರೆ ಗಂಟೆ ಕೂತು ಸೇದ್ತಾರೆ.

"ಹೊಗೆ ಒಳಗೆ ಎಳ್ಕೊಳ್ಲೇ ಇಲ್ಲ ಕಣೋ, ಬಾಯಲ್ಲೇ ಇಟ್ಕೊಂಡು ಬಿಟ್ಟೆ" ಅಂತ ನೀನು ಆವತ್ತಿಂದ ಆಣೆ ಮಾಡ್ತಿದೀಯ. ನಂಬ್ತೀನಿ. ಬಾಯಲ್ಲಿ ಇಟ್ಕೊಂಡ್ರೂ ಸಾಕು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯೋದು ಸಿಗರೇಟಿನ ಸೊಪ್ಪು, ಬ್ಯಾರನ್ ಅಂದ್ರೆ ಸೊಪ್ಪು ಒಣಗಿಸೋ ಮನೆ ಒಳಗೆ ಕಾವು ಕೊಟ್ಟು ಒಂದು ವಾರದೊಳಗೆ ಬೇಯಿಸಿ ಹಳದಿ ಮಾಡ್ತೀವಿ, ಅದರ ಹೊಗೆ ಆಮ್ಲದ ಕಡೆಗೆ ಇರುತ್ತೆ, ಶ್ವಾಸಕೋಶಕ್ಕೆ ಎಳೆದ್ರೇನೇ ನಿಕೋಟಿನ್ ಸರಿಯಾಗಿ ಇಳಿಯೋದು. ಸಿಗಾರಿನ ಸೊಪ್ಪು ಹಂಗಲ್ಲ, ನೆರಳಲ್ಲಿ ಗಾಳಿಗೆ ವಾರಗಟ್ಟಲೆ ಒಣಗಿಸಿ ಆಮೇಲೆ ರಾಶಿ ಹಾಕಿ ಹುಳಿಸ್ತಾರೆ, ಅದರ ಹೊಗೆ ಕ್ಷಾರದ ಕಡೆಗೆ ಇರುತ್ತೆ, ಆ ಹೊಗೆಯ ನಿಕೋಟಿನ್ ಕೆನ್ನೆ ಒಳಗಿನ ಚರ್ಮದಿಂದಾನೇ ರಕ್ತಕ್ಕೆ ಹೋಗುತ್ತೆ. ಅಲ್ಲಿಂದ ಮಿದುಳಲ್ಲಿ ವಾಂತಿ ಬರ್ಸೋ ಜಾಗಕ್ಕೆ. ಮೊದ್ಲು ಬಾಯಲ್ಲಿ ನೀರೂರುತ್ತೆ, ಆಮೇಲೆ ತಣ್ಣನೆ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ನಿಂಗೆ ಆಗಿದ್ದು ಇದೇ ಕ್ರಮದಲ್ಲಿ, ನಾನು ಪಕ್ಕದಲ್ಲೇ ಇದ್ದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿರೋ ನಿಕೋಟಿನ್ ಅರ್ಧಕ್ಕೆ ಇಳಿಯುತ್ತೆ, ಅದಕ್ಕೇ ಹನ್ನೊಂದು ಗಂಟೆ ಹೊತ್ತಿಗೆ ಎದ್ದು ಕೂತು "ಬೋಟಿ ಗೊಜ್ಜು ಉಳಿಸಿದೀರಾ" ಅಂದೆ.

ಈಗ ನೀನು ಕೇಳಿದ್ದಕ್ಕೆ ಬರ್ತೀನಿ. ಊಟ ಮಾಡ್ಕೊಂಡೇ ಸೇದ್ಬೇಕು, ಊಟ ಅಂದ್ರೆ ಕಡ್ಲೆಬೀಜ ಅಲ್ಲ, ಮುದ್ದೆ ಸಾರು ಅಂಥ ಊಟ. ಜೊತೆಗೆ ಎಣ್ಣೆ ಬೇಡ, ನೀರು ಇಟ್ಕೋ. ಗಿಡ್ಡದು, ಸಣ್ಣದು ತಗೋ. ಸಿಗಾರ್ ಮೇಲೆ 47, 50 ಅಂತ ದಪ್ಪದ ನಂಬರ್ ಹೇಳ್ತಾರಲ್ಲ, ಅದು ಒಂದಿಂಚನ್ನ 64 ಭಾಗ ಮಾಡಿದ ಲೆಕ್ಕ, ನಂಬರ್ ಏರಿದಷ್ಟೂ ದಪ್ಪ. ಹೊರಗಿನ ಎಲೆ ಕಪ್ಪಗಿದ್ರೆ ಸ್ಟ್ರಾಂಗು, ತೆಳು ಬಣ್ಣ ಇದ್ರೆ ಮೈಲ್ಡು ಅಂತ ನಿನ್ನ ಭಾಮೈದ ಹೇಳಿದ್ದು ಸರಿಯಲ್ಲ, ಜೋರು ಇರೋದು ಒಳಗೆ ಸುತ್ತಿರೋ ಎಲೇಲಿ. ಗಿಡದ ತುದಿಯ ಎಲೆಗೆ ಬಿಸಿಲು ಜಾಸ್ತಿ, ನಿಕೋಟಿನ್ನೂ ಜಾಸ್ತಿ, ಲಿಗೇರೋ ಅಂತಾರೆ ಅದನ್ನ, ಅದು ಕಮ್ಮಿ ಇರೋ ಮೈಲ್ಡ್ ಸಿಗಾರ್ ಕೇಳು. ನಿಮಿಷಕ್ಕೆ ಒಂದು ಎಳೆತ ಸಾಕು, ಎಂಜಲು ನುಂಗ್ಬೇಡ, ಕೊನೇ ಮೂರನೇ ಒಂದು ಭಾಗ ಬಿಟ್ಬಿಡು, ಸುಡ್ತಾ ಸುಡ್ತಾ ಎಲ್ಲಾ ಅಲ್ಲೇ ಬಂದು ಕೂತಿರುತ್ತೆ. ಬಾಯಲ್ಲಿ ನೀರೂರಿದ ತಕ್ಷಣ ಕೆಳಗಿಡು, ದುಡ್ಡು ಕೊಟ್ಟಿದೀವಿ ಅಂತ ಮುಗಿಸೋಕೆ ಹೋಗ್ಬೇಡ, ಇಟ್ರೆ ತಾನೇ ಆರುತ್ತೆ. ದಡಕ್ಕನೆ ಎದ್ದು ನಿಲ್ಬೇಡ, ಗಾಳಿ ಇರೋ ಕಡೆ ಕೂತ್ಕೋ, ಸ್ವಲ್ಪ ಸ್ವಲ್ಪ ನೀರು ಕುಡಿ. ಸಿಗಾರ್ ಸೇದೋರು ಒಂದು ಚಮಚ ಸಕ್ಕರೆ ಬಾಯಿಗೆ ಹಾಕ್ಕೊಳ್ಳೋ ರೂಢಿ ಇದೆ, ಬೆಲ್ಲ ಆದ್ರೂ ನಡೆಯುತ್ತೆ. ಎದೆ ನೋವು, ಉಸಿರು ಕಟ್ಟೋದು, ಪ್ರಜ್ಞೆ ತಪ್ಪೋದು ಇಂಥದ್ದೇನಾದ್ರೂ ಆದ್ರೆ ಮಾತ್ರ ಸಕ್ಕರೆ ಬೆಲ್ಲ ಹುಡುಕ್ತಾ ಕೂರ್ಬೇಡಿ, ಗಾಡಿ ತೆಗೀರಿ.

ಇಷ್ಟನ್ನೂ ನಾನು ಮೊನ್ನೆ ರಾತ್ರಿನೇ ಟೈಪ್ ಮಾಡಿದ್ದೆ. ಕಳ್ಸೋಕೆ ಮನಸ್ಸು ಬರ್ಲಿಲ್ಲ. ಯಾಕಂದ್ರೆ ಇನ್ನೊಂದು ದಾರಿ ಇದೆ, ಎಲ್ಲಕ್ಕಿಂತ ಗ್ಯಾರಂಟಿ ದಾರಿ, ಅದನ್ನ ಬಿಟ್ಟು ಉಳಿದಿದ್ದೆಲ್ಲಾ ಹೇಳಿದೀನಿ ಅಂತ ಅನ್ನಿಸ್ತು. ದಿನಾ ಸೇದೋದು. ದಿನಾ ಸೇದಿದ್ರೆ ಮೈ ಒಗ್ಗುತ್ತೆ, ತಲೆ ತಿರುಗೋದು ನಿಲ್ಲುತ್ತೆ, ವಾಂತಿ ನಿಲ್ಲುತ್ತೆ. ನಿಕೋಟಿನ್ ಒಳಗೆ ಹೋಗೋದೇನೂ ನಿಂತಿರಲ್ಲ. ಮೊದಲನೇ ಸಲ ಬೇಡ ಬೇಡ ಅಂತ ಒದ್ದಾಡಿದ ಅದೇ ಮೈ ಆಮೇಲೆ ಕೊಡು ಕೊಡು ಅನ್ನೋಕೆ ಶುರು ಮಾಡುತ್ತೆ.

ನಿಂಗೆ ನಮ್ಮವ್ವ ಗೊತ್ತು. ಹಾಸ್ಟೆಲ್‌ಗೆ ಬಂದಾಗ ನಿಂಗೂ ಸೇರಿಸಿ ಕಜ್ಜಾಯ ತರ್ತಿದ್ಲಲ್ಲ. ನಮ್ಮ ಕಡೆ ಆಷಾಢ ಬಂತು ಅಂದ್ರೆ ಸೊಪ್ಪು ಮುರಿಯೋದು, ಬೆಳಗಿನ ಜಾವಾನೇ ಹೊಲಕ್ಕೆ ಇಳೀಬೇಕು, ಮಧ್ಯಾಹ್ನ ಪೂರ್ತಿ ಕಡ್ಡಿಗೆ ಕಟ್ಟಿ ಸಂಜೆ ಹೊತ್ತಿಗೆ ಬ್ಯಾರನ್ ತುಂಬ್ಬೇಕು. ಎಲೆ ಮೇಲೆ ಮಂಜು, ಇಲ್ಲಾಂದ್ರೆ ಜಡಿಮಳೆ. ಕೆಳಗಿನ ಎಲೆಯಿಂದ ಒಂದೊಂದಾಗಿ ಮುರಿದು ಕಂಕುಳಿಗೆ ಇಟ್ಕೋತಾ ಹೋಗೋದು, ಕಂಕುಳು ತುಂಬೋವರೆಗೂ. ರವಿಕೆ ಒದ್ದೆ, ಸೆರಗು ಒದ್ದೆ, ಆ ಒದ್ದೇಲೇ ಮಧ್ಯಾಹ್ನದವರೆಗೂ. ಕೈಗೆ ಕಪ್ಪಗೆ ಅಂಟು ಕೂತಿರೋದು, ಸೋಪು ಹಾಕಿ, ಬೂದಿ ಹಾಕಿ ಉಜ್ಜಿದ್ರೂ ಉಗುರು ಸಂದೀಲಿ ಉಳಿಯೋದು, ಆ ಕೈಯಲ್ಲಿ ಮುದ್ದೆ ಮುರಿದ್ರೆ ಮುದ್ದೆನೂ ಕಹಿ. ಸಂಜೆಗೆ ಅವ್ವ ಹಿತ್ತಲಲ್ಲಿ ಕಲ್ಲು ಹಿಡ್ಕೊಂಡು ಕೂತು ವಾಂತಿ ಮಾಡೋಳು. ಅಜ್ಜಿ ಪಿತ್ತ ಅನ್ನೋಳು, ನಿಂಬೆಹಣ್ಣು ಹಿಂಡಿ ಕೊಡೋಳು, ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕೋಳು. ಬೆಳಿಗ್ಗೆ ಮತ್ತೆ ಹೊಲ.

ಅದೂ ನಿಕೋಟಿನ್ನೇ ಕಣೋ. ಹಸಿ ಎಲೆ ಮೇಲಿನ ನೀರಲ್ಲಿ ಕರಗಿ ಚರ್ಮದ ಮೂಲಕ ಒಳಗೆ ಹೋಗುತ್ತೆ. ಹೊಗೆಸೊಪ್ಪು ಮುರಿಯೋ ಕೂಲಿಗಳಿಗೆ ಬರೋ ಈ ಕಾಯಿಲೆ ಬಗ್ಗೆ ಅಮೆರಿಕದ ಫ್ಲೋರಿಡಾದಲ್ಲಿ 1970ರಲ್ಲೇ ಡಾಕ್ಟರುಗಳು ಬರೆದಿದಾರೆ, ಗ್ರೀನ್ ಟೊಬ್ಯಾಕೋ ಸಿಕ್‌ನೆಸ್ ಅಂತಾರೆ. ಮಂಜು ಆರಿದ ಮೇಲೆ ಹೊಲಕ್ಕೆ ಇಳಿಯೋದು, ಗ್ಲೌಸು, ತುಂಬು ತೋಳಿನ ರೈನ್‌ಕೋಟು, ಒದ್ದೆ ಬಟ್ಟೆ ತಕ್ಷಣ ಬದಲಾಯಿಸಿ ಸೋಪು ಹಾಕಿ ಕೈ ಮೈ ತೊಳ್ಕೊಳ್ಳೋದು, ಇಷ್ಟೇ ಇರೋದು ತಡೆಯೋಕೆ. ಎಲೆ ಯಾವ ಗ್ರೇಡು, ಬಣ್ಣ ಎಷ್ಟು ಬಂದಿದೆ, ಹರಾಜಲ್ಲಿ ಎಷ್ಟು ಸಿಗುತ್ತೆ ಅಂತ ಹೇಳೋಕೆ ನಮ್ಮನೆಗೆ ಎಷ್ಟೋ ಜನ ಬಂದು ಹೋಗಿದಾರೆ. ಮಂಜು ಆರ್ಲಿ ಅಂತ ಅವ್ವಂಗೆ ಒಬ್ರೂ ಹೇಳಿದ್ದು ನಂಗೆ ನೆನಪಿಲ್ಲ. ಆ ಸೊಪ್ಪಿನ ದುಡ್ಡಲ್ಲೇ ನಾನು ಮೈಸೂರಲ್ಲಿ ಓದಿದ್ದು.

ಹೋದ ತಿಂಗಳು ಅವ್ವನ್ನ ಇಲ್ಲಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಎಡಗೆನ್ನೆ ಒಳಗೆ ಬಿಳಿ ಮಚ್ಚೆ. "ಎಷ್ಟು ವರ್ಷದಿಂದ ಹೊಗೆಸೊಪ್ಪು ಹಾಕ್ತೀರ ಅಮ್ಮಾ" ಅಂದ್ರು ಡಾಕ್ಟರ್. ಅವ್ವ ಹೇಳಿದ್ದು, ನಾನು ಮೊದಲನೇ ಸಲ ಕೇಳಿದ್ದು: "ಸೊಪ್ಪು ಮುರಿಯೋವಾಗ ವಾಂತಿ ತಡೆಯಕ್ಕಾಯ್ತಿರ್ಲಿಲ್ಲ ಸ್ವಾಮಿ. ಎಲೆಅಡ್ಕೆ ಜೊತೆ ಚೂರು ಹೊಗೆಸೊಪ್ಪು ಹಾಕ್ಕೊಳೋ ಹೆಂಗಸ್ರಿಗೆ ಏನೂ ಆಯ್ತಿರ್ಲಿಲ್ಲ. ನೀನೂ ಹಾಕ್ಕೊ, ಒಗ್ಗೋಯ್ತದೆ ಅಂದ್ರು. ಹಾಕ್ಕೊಂಡೆ. ಒಗ್ಗೋಯ್ತು." ಅವ್ರು ಹೇಳಿದ್ದು ಸುಳ್ಳಲ್ಲ. ಹೊಗೆಸೊಪ್ಪು ಬಳಸೋರಿಗೆ ಹೊಲದ ಆ ಕಾಯಿಲೆ ನಿಜವಾಗ್ಲೂ ಕಮ್ಮಿ. ಅವ್ವ ಔಷಧಿ ಅಂತ ಶುರು ಮಾಡಿದ್ದನ್ನ ನಾವು ಮನೇಲಿ ಚಟ ಅಂತ ಬೈಕೊಂಡು ಬಂದ್ವಿ.

ಬಯಾಪ್ಸಿ ಮಾಡಿದ್ರು. ರಿಪೋರ್ಟ್ ಬರೋವರೆಗೂ ನಂಗೆ ನಿದ್ದೆ ಇಲ್ಲ, ನಿಂಗೂ ಹೇಳಿರ್ಲಿಲ್ಲ, ಮನೇಲೂ ಪೂರ್ತಿ ಹೇಳಿರ್ಲಿಲ್ಲ, ಈಗ ನೋಡು ಊರಿಗೆಲ್ಲಾ ಹೇಳ್ತಿದೀನಿ. ಕ್ಯಾನ್ಸರ್ ಅಲ್ಲ ಅಂತ ಬಂತು. ಹೊಗೆಸೊಪ್ಪು ಪೂರ್ತಿ ಬಿಡ್ಬೇಕು, ಆಗಾಗ ಬಂದು ತೋರಿಸ್ತಿರ್ಬೇಕು ಅಂದಿದಾರೆ. ಬಿಟ್ಟಿದಾಳೆ, ಲವಂಗ ಇಟ್ಕೊಂಡು ಓಡಾಡ್ತಾಳೆ, ಎಲ್ಲರ ಮೇಲೂ ರೇಗ್ತಾಳೆ. ಈ ಮಧ್ಯೆ ನಿನ್ನ ತೋಟದ ಊಟ. ನಿನ್ನ ಹಣೆ ಮೇಲೆ ಬೆವರು ಹನಿ ಹನಿಯಾಗಿ ನಿಂತಿದ್ದು ನೋಡಿ ಎಲ್ರೂ ನಗ್ತಿದ್ರಲ್ಲ, ನಂಗೆ ಕಾಲಲ್ಲಿ ಶಕ್ತಿನೇ ಹೋಯ್ತು. ಆ ಬೆವರು ನಂಗೆ ಗೊತ್ತು. ನಿಂಗೆ ತಲೆ ತಿರುಗಿದ್ದು ನಂಗೆ ಭಯ ಇಲ್ಲ ಮಗಾ, ಮುಂದಿನ ಸಲ ತಿರುಗ್ದೇ ಹೋದ್ರೆ, ಅದರ ಮುಂದಿನ ಸಲಕ್ಕೆ ನೀನೇ ಒಂದು ಡಬ್ಬಿ ತರಿಸಿದ್ರೆ ಅಂತ ಭಯ. ಹೊಗೆ ಒಳಗೆ ಎಳೀದೇ ಇದ್ರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಸಿಗಾರ್‌ನೋರಿಗೆ ಬರುತ್ತೆ. ಸೇದ್ಬೇಡ ಅಂತ ಆಣೆ ಹಾಕ್ಸಲ್ಲ, ನೀನು ಕೇಳಿದ್ದಕ್ಕೆ ಮೇಲೆ ಎಲ್ಲಾ ಬರ್ದಿದೀನಿ. ಆದ್ರೆ ನನ್ನ ಮನಸ್ಸಲ್ಲಿ ಇರೋದು ಇದು.

ಸರಿ, ಸಾಕು. ಇದನ್ನೋದಿ ಫೋನ್ ಮಾಡಿ ಅಳ್ಬೇಡ, ನೀನು ಅತ್ರೆ ನಿಮ್ಮನೆ ನಾಯಿನೂ ಶುರು ಮಾಡುತ್ತೆ. ಅವ್ವಂಗೂ ಫೋನ್ ಮಾಡಿ ವಿಚಾರಿಸ್ಬೇಡ, ಅವಳಿಗೆ ನಾನು ಇಲ್ಲಿ ಬರೆದಿದ್ದು ಗೊತ್ತಿಲ್ಲ, ಕಜ್ಜಾಯ ಬೇಕು ಅಂತ ಮಾತ್ರ ಮಾಡು.

ಒಂದು ಕೆಲಸ ಇದೆ. ತಮ್ಮ ಈ ಸಲಾನೂ ಸೊಪ್ಪು ಹಾಕಿದಾನೆ, ಆಷಾಢ ಹತ್ರ ಬಂತು. ನಿನ್ನ ಗೊಬ್ಬರದ ಅಂಗಡೀಲಿ ಔಷಧಿ ಹೊಡೆಯೋಕೆ ಅಂತ ಮೊಣಕೈವರೆಗಿನ ರಬ್ಬರ್ ಗ್ಲೌಸ್ ಇಟ್ಟಿರ್ತೀಯಲ್ಲ, ಅದರಲ್ಲಿ ಚಿಕ್ಕ ಸೈಜು ಇದ್ರೆ ಒಂದು ಡಜನ್ ಬಸ್ಸಿಗೆ ಹಾಕು, ಕೂಲಿಗೆ ಬರೋರೆಲ್ಲಾ ಹೆಂಗಸ್ರು, ದೊಡ್ಡದು ಜಾರುತ್ತೆ, ಜಾರಿದ್ರೆ ಬಿಚ್ಚಿ ಎಸೀತಾರೆ. ತುಂಬು ತೋಳಿನ ರೈನ್‌ಕೋಟೂ ಇದ್ರೆ ರೇಟು ಹೇಳು. ಬಿಲ್ಲು ಸರಿಯಾಗಿ ಹಾಕು, ಕೋಳಿ ಕೇಸಿನ ಬಾಕಿ ಇದಕ್ಕೆ ಸೇರಿಸ್ಬೇಡ, ಅದು ಪಂಚಾಯ್ತೀಲೇ ತೀರ್ಮಾನ ಆಗ್ಲಿ.