ಸಹಿ ಹಾಕದ ಅರ್ಜಿಯ ಬಗ್ಗೆ ಮಗಳಿಗೆ

ರಾಜರಾಜೇಶ್ವರಿನಗರ, ಬೆಂಗಳೂರು

ಪ್ರೀತಿಯ ಮಗಳೇ,

ಭಾನುವಾರದ ಜಗಳವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಯಾರು ಏನೆಂದರು ಎಂಬುದು ನಮ್ಮಿಬ್ಬರಿಗೂ ನೆನಪಿದೆ. ನಿನ್ನ ಅಪ್ಪನ ಎದುರು ನಾನು ಅಷ್ಟು ಗಟ್ಟಿಯಾಗಿ ಮಾತನಾಡಬಾರದಿತ್ತು. ಆದರೆ ತಂಡಗಳು ಆಟಗಾರ್ತಿಯರನ್ನು ಕೊಳ್ಳುವ ಹಾಕಿ ಲೀಗ್ ಹರಾಜಿನ ಅರ್ಜಿಗೆ ಈ ವರ್ಷ ನಾವು ಸಹಿ ಹಾಕುವುದಿಲ್ಲ ಎಂಬ ಮಾತಿನಲ್ಲಿ ಬದಲಾವಣೆಯಿಲ್ಲ. ಅದರ ಕಾರಣವನ್ನು ನೀನು ಪೂರ್ತಿ ಕೇಳದೆಯೇ ಹಾಸ್ಟೆಲಿಗೆ ಹೊರಟುಹೋದೆ.

ನಿನಗಿನ್ನೂ ಚಿಕ್ಕ ವಯಸ್ಸು ಎಂದಾಗ ನೀನು ಭಾರತ ಹಾಕಿ ತಂಡದ ಮಾಜಿ ನಾಯಕಿ ರಾಣಿ ರಾಂಪಾಲ್ ಅವರ ಹೆಸರು ತೆಗೆದೆ. 2010ರ ವಿಶ್ವಕಪ್ಪಿನಲ್ಲಿ ಆಡಿದಾಗ ಅವರಿಗೆ 15 ವರ್ಷ, ನಿಜ. ಆದರೆ ಅದಾದ ಮೇಲೂ, 2013ರಲ್ಲಿ, ಅವರು ತಮ್ಮ ವಯಸ್ಸಿನವರೊಡನೆ ಜೂನಿಯರ್ ವಿಶ್ವಕಪ್ ಆಡಿ ಕಂಚಿನ ಪದಕ ತಂದರು. ಇನ್ನು ಮಹಿಳಾ ಲೀಗಿನ ಮೊದಲ ಹರಾಜಿನಲ್ಲಿ 32 ಲಕ್ಷ ರೂಪಾಯಿಗೆ ಹೋದ ಉದಿತಾ ಅವರಿಗೆ ಆಗ 26 ವರ್ಷ. ಅಷ್ಟರಲ್ಲಿ ಅವರು ಟೋಕಿಯೊ ಒಲಿಂಪಿಕ್ಸ್ ಆಡಿ ಬಂದಿದ್ದರು.

ಕಳೆದ ಮಳೆಗಾಲದಲ್ಲಿ ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಬಂದ ಹುಡುಗಿಯೊಬ್ಬಳ ಬಗ್ಗೆ ನಿನಗೆ ಹೇಳಿರಲಿಲ್ಲ. ನಿನ್ನದೇ ವಯಸ್ಸು, ನಿನ್ನಂತೆಯೇ ಮಿಡ್‌ಫೀಲ್ಡಿನಲ್ಲಿ ಆಡುವವಳು. ಯಾರೂ ಅವಳಿಗೆ ಡಿಕ್ಕಿ ಹೊಡೆದಿರಲಿಲ್ಲ. ಚೆಂಡಿನೊಡನೆ ಓಡುತ್ತಿದ್ದವಳು ಸರಕ್ಕನೆ ತಿರುಗಿದಳು, ಪಾದ ಟರ್ಫಿನ ಮೇಲೆ ಊರಿಕೊಂಡೇ ಉಳಿಯಿತು, ಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯನ್ನು ಒಳಗಿನಿಂದ ಹಿಡಿದಿಡುವ ಕಟ್ಟು, ಹರಿದುಹೋಯಿತು. ಶಸ್ತ್ರಚಿಕಿತ್ಸೆಯ ನಂತರ ಬಂದಾಗ ಅವಳ ಒಂದು ತೊಡೆ ಇನ್ನೊಂದಕ್ಕಿಂತ ಸೊರಗಿತ್ತು. ಟೇಪು ಹಿಡಿದು ಅಳೆಯುವಾಗ ನನ್ನ ಕಣ್ಣಿಗೆ ಕಾಣುತ್ತಿದ್ದುದು ನಿನ್ನ ಕಾಲು. ಪ್ರತಿ ಸಲವೂ ಅವಳದು ಒಂದೇ ಪ್ರಶ್ನೆ: "ಮುಂದಿನ ಕ್ಯಾಂಪಿಗೆ ಹೋಗಬಹುದಾ ಆಂಟಿ?" ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು, ಅವಸರಪಟ್ಟರೆ ಅದು ಮತ್ತೆ ಹರಿಯಬಹುದು ಎಂದು ನಾನು ಹೇಳಬೇಕಾಗಿತ್ತು, ಹೇಳಿದೆ. ಒಂದರ ಹಿಂದೆ ಒಂದು ಟೂರ್ನಿ ಆಡಿದ್ದರಿಂದ ಕಾಲಿನ ಬಲ ಹೆಚ್ಚಿಸುವ ವ್ಯಾಯಾಮಕ್ಕೆ ಬಿಡುವೇ ಸಿಕ್ಕಿರಲಿಲ್ಲವೆಂದು ಅವಳ ತಾಯಿ ಹೇಳಿದರು. ಓಡುತ್ತಾ ಹಠಾತ್ತನೆ ತಿರುಗಬೇಕಾದ ಆಟಗಳಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು, ಅದರಲ್ಲೂ ಹದಿಹರೆಯದಲ್ಲಿ ಹೆಚ್ಚು. ಇದನ್ನು ನಾನು ಓದಿ ತಿಳಿದದ್ದು ಕಾಲೇಜಿನಲ್ಲಿ. ಆದರೆ ಆ ಮಗುವಿನ ಮಂಡಿಯನ್ನು ಮೊದಲ ದಿನ ಮಡಚಿಸಿದಾಗ, ಅವಳು ತುಟಿ ಕಚ್ಚಿ ಹಿಡಿದಾಗ, ಓದಿದ್ದೆಲ್ಲ ಬೇರೆಯೇ ಆಗಿ ಕಂಡಿತು. ಈಗಲೂ ನೀನು ಬಲಕ್ಕೆ ಹೊರಳಿ ಡಿಫೆಂಡರನ್ನು ತಪ್ಪಿಸುವಾಗ ನಾನು ಚೆಂಡನ್ನು ನೋಡುವುದಿಲ್ಲ, ನಿನ್ನ ಮಂಡಿಯನ್ನು ನೋಡುತ್ತೇನೆ.

ಲೀಗನ್ನು ನಾನು ದೂರುತ್ತಿಲ್ಲ. ನಮ್ಮ ಹುಡುಗಿಯರಿಗೆ ಆಟದಿಂದ ದುಡ್ಡು ಬರುವ ಕಾಲ ಬಂದದ್ದು ದೊಡ್ಡ ಸಂಗತಿ. ಆದರೆ 2025ರಲ್ಲಿ ಮೊದಲ ಮಹಿಳಾ ಲೀಗ್ ರಾಂಚಿಯಲ್ಲಿ ಜನವರಿ 12ರಂದು ಶುರುವಾಗಿ 26ಕ್ಕೆ ಮುಗಿಯಿತು. ಅಷ್ಟರೊಳಗೆ ಪ್ರತಿ ತಂಡಕ್ಕೂ ಆರು ಲೀಗ್ ಪಂದ್ಯಗಳು, ಎದುರಿಗೆ ವರ್ಷಗಟ್ಟಲೆ ಜಿಮ್ಮಿನಲ್ಲಿ ದೇಹ ಕಟ್ಟಿಕೊಂಡ ವಿದೇಶಿ ಆಟಗಾರ್ತಿಯರು. ಆ ವೇಗಕ್ಕೆ ನಿನ್ನ ಕೈಚಳಕ ಸಾಕು, ದೇಹ ಇನ್ನೂ ಸಾಲದು. ಬೆಂಚಿನಲ್ಲಿ ಕೂತು ಬಂದರೆ ಅಭ್ಯಾಸದ ದಿನಗಳು ಹೋದಂತೆ; ಅರ್ಧ ತಯಾರಾಗಿ ಆಡಿದರೆ ಏನಾಗಬಹುದೆಂದು ಮೇಲೆಯೇ ಬರೆದೆ.

ಅಕ್ಕಿತಿಮ್ಮನಹಳ್ಳಿ ಮೈದಾನದಲ್ಲಿ ನೀನು ಸ್ಟಿಕ್ ತಿರುಗಿಸಿ ರಿವರ್ಸ್ ಹಿಟ್‌ನಲ್ಲಿ ಗೋಲು ಹೊಡೆದ ದಿನ ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೆಲ್ಲ "ನನ್ನ ಮಗಳು" ಎಂದು ಹೇಳಿದವಳು ನಾನು. ನಿನ್ನ ಆಟದ ಮೇಲೆ ನನಗೆ ಅನುಮಾನವಿಲ್ಲ.

ಈ ವರ್ಷ ಜೂನಿಯರ್ ರಾಷ್ಟ್ರೀಯ ಪಂದ್ಯಾವಳಿ ಆಡು, ಎರಡನೇ ಪಿಯುಸಿ ಮುಗಿಸು. ವಾರಕ್ಕೆ ಮೂರು ದಿನ ತೊಡೆ ಮತ್ತು ಸೊಂಟದ ವ್ಯಾಯಾಮ ತಪ್ಪಿಸಬೇಡ. ಬಾಗಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವ ಆ ಡ್ರ್ಯಾಗ್ ಫ್ಲಿಕ್ಕನ್ನು ದಿನವೂ ಲೆಕ್ಕವಿಲ್ಲದೆ ಹೊಡೆಯಬೇಡ, ಬೆಳೆಯುವ ಬೆನ್ನುಮೂಳೆಗೆ ಅದು ಒಳ್ಳೆಯದಲ್ಲ. ರಾತ್ರಿ ಮೊಬೈಲ್ ಬದಿಗಿಟ್ಟು ನಿದ್ದೆ ಮಾಡು, ಬೆಳಿಗ್ಗೆ ತಿಂಡಿ ಬಿಟ್ಟು ಓಡಬೇಡ, ಮುಟ್ಟು ನಿಂತರೆ ಖುಷಿಪಡದೆ ಕೂಡಲೇ ನನಗೆ ಹೇಳು. ಉಣ್ಣುವುದು ಕಡಿಮೆಯಾಗಿ ಆಟ ಹೆಚ್ಚಾದರೆ ಹಾಗಾಗುತ್ತದೆ, ಮೂಳೆಯೂ ಸೊರಗುತ್ತದೆ. ಉಪದೇಶ ಉದ್ದವಾಯಿತು, ಆದರೂ ಇದರಲ್ಲಿ ಯಾವುದನ್ನೂ ಅಳಿಸಲಾರೆ.

ಶನಿವಾರ ಬೆಳಿಗ್ಗೆಯ ಅಭ್ಯಾಸ ಮುಗಿಯುವ ಹೊತ್ತಿಗೆ ನಿಮ್ಮ ಕೋಚ್ ಸರ್ ಅವರನ್ನು ಕಾಣಲು ಬರುತ್ತೇನೆ. ನೀನೂ ಜೊತೆಗಿರು. ನಿನಗೆ 18 ತುಂಬಿದ ಮೇಲೆ ಬರುವ ಹರಾಜಿಗೆ ಏನೇನು ತಯಾರಿ ಬೇಕೆಂದು ಮೂವರೂ ಕೂತು ಬರೆದುಕೊಳ್ಳೋಣ.

ನಿನ್ನ ಅಮ್ಮ