ಸೌದೆ ಒಲೆಯ ಪಿಜ್ಜಾಕ್ಕೆ ದುಬಾರಿ ವೈನ್ ಯಾಕೆ?

ಮಾನ್ಯರೇ,

ಬೆಂಗಳೂರಿನ ಎಷ್ಟೋ ಸೌದೆ ಒಲೆಯ ಪಿಜ್ಜಾ ಹೋಟೆಲುಗಳಲ್ಲಿ ಒಂದು ಗ್ಲಾಸ್ ವೈನಿನ ಬೆಲೆ ಪಿಜ್ಜಾದ ಬೆಲೆಯನ್ನೇ ಮುಟ್ಟುತ್ತದೆ. ಇದಕ್ಕೆ ತೆರಿಗೆಯೊಂದನ್ನೇ ದೂರುವುದು ರೂಢಿ. ಮೆನು ಬರೆಯುವವರ ಪಾಲೂ ಅದರಲ್ಲಿದೆ.

ಪಟ್ಟಿ ತೆರೆದರೆ ಮೊದಲು ಕಾಣುವುದು ಕ್ಯಾಬರ್ನೆ, ಶಿರಾಜ್‌ನಂಥ ಗಡುಸು ಕೆಂಪು ವೈನ್‌ಗಳು. ಪಿಜ್ಜಾಕ್ಕೆ ಒಗ್ಗದಿರುವುದೂ ಅವೇ. ಟೊಮೆಟೊ ಸಾಸ್ ಹುಳಿ. ಅದಕ್ಕಿಂತ ಹುಳಿ ಕಡಿಮೆಯಿರುವ ವೈನ್ ಅದರೆದುರು ಸಪ್ಪೆಯಾಗುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಒಗರು, ಅಂದರೆ ಟ್ಯಾನಿನ್, ಆ ಹುಳಿಯ ಜೊತೆ ಸೇರಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದಂತಾಗುತ್ತದೆ. ಪಿಜ್ಜಾದ ಅಂಚಿನಲ್ಲಿ ಸೀದ ಕಪ್ಪು ಚುಕ್ಕೆಗಳ ಕಹಿ ಬೇರೆ. ನಮ್ಮವರು ಮೇಲೆ ಚಿಲ್ಲಿ ಫ್ಲೇಕ್ಸ್ ಉದುರಿಸದೆ ಬಿಡುವುದಿಲ್ಲ. ಶೇ 14ರಷ್ಟು ಆಲ್ಕೋಹಾಲ್ ಇರುವ ವೈನ್ ಆ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಪಿಜ್ಜಾದ ತವರು ನೇಪಲ್ಸ್‌ನಲ್ಲಿ ಜನ ಬಿಯರ್ ತರಿಸುತ್ತಾರೆ, ಇಲ್ಲವೇ ಹತ್ತಿರದ ಗ್ರಾನ್ಯಾನೊ ಊರಿನ, ಸಣ್ಣಗೆ ನೊರೆ ಬರುವ ಎಳೆಯ ಕೆಂಪು ವೈನನ್ನು ತಣ್ಣಗೆ ಮಾಡಿ ಕುಡಿಯುತ್ತಾರೆ.

ಹಾಗಾಗಿ ಬೇಕಿರುವುದು ಹಗುರ, ಹುಳಿ, ಎಳೆಯ ವೈನ್. ಅಗ್ಗವಾಗಿ ಸಿಗುವುದೂ ಅದೇ, ಏಕೆಂದರೆ ಅದನ್ನು ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ಖರ್ಚಿಲ್ಲ. ಮಾರ್ಗರೀಟಾ ಪಿಜ್ಜಾಕ್ಕೆ ಸೋವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಸಾಕು. ಪನೀರ್ ಟಿಕ್ಕಾದಂಥ ಮಸಾಲೆ ಪಿಜ್ಜಾಕ್ಕೆ ತುಸು ಸಿಹಿ ಉಳಿದಿರುವ ಬಿಳಿ ಶೆನಿನ್ ಬ್ಲಾಂಕ್ ಅಥವಾ ನಸುಗೆಂಪಿನ ಜಿನ್‌ಫಂಡೆಲ್ ರೋಸೆ. ಅಣಬೆ, ಚಿಕನ್ ಇದ್ದರೆ ಸಾಂಜೊವೇಸೆ ದ್ರಾಕ್ಷಿಯ ಕೆಂಪು ವೈನ್. ಇಟಲಿಯ ಈ ತಳಿಯನ್ನು ನಮ್ಮ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲೂ ಬೆಳೆಯುತ್ತಾರೆ. ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರ ವೈನ್ ದ್ರಾಕ್ಷಿ ತೋಟ ಶುರುವಾದದ್ದು 1988ರಲ್ಲಿ, ರಾಜ್ಯಕ್ಕೆ ತನ್ನದೇ ವೈನ್ ನೀತಿ ಬಂದದ್ದು 2007ರಲ್ಲಿ. ಇಷ್ಟು ವರ್ಷಗಳ ನಂತರವೂ ಮೆನುವಿನಲ್ಲಿ ‘ಹೌಸ್ ವೈನ್’ ಎಂದು ಬರೆದು ಊರು, ತಳಿ, ವರ್ಷ ಮೂರನ್ನೂ ಮುಚ್ಚಿಡುವುದೇಕೆ? (‘ವೈನ್ಸ್’ ಎಂದು ಬೋರ್ಡ್ ಹಾಕಿಕೊಂಡ ಅಂಗಡಿಗಳಲ್ಲಿ ಹುಡುಕಬೇಕಾದದ್ದು ವೈನನ್ನೇ ಎಂಬುದು ಬೇರೆ ಮಾತು.)

ಪಟ್ಟಿಯಲ್ಲಿ ಅತಿ ಅಗ್ಗದ ವಿದೇಶಿ ಬಾಟಲಿ ಕಂಡರೆ ಲಾಭವೆಂದು ಹಿಗ್ಗಬೇಡಿ. ಶೇ 150ರ ಆಮದು ಸುಂಕದ ಲೆಕ್ಕದಲ್ಲಿ 4 ಡಾಲರಿನ ಬಾಟಲಿ ಬಂದರು ದಾಟುವಾಗಲೇ 10 ಡಾಲರ್ ಆಗುತ್ತದೆ. ಅಬಕಾರಿ, ಹೋಟೆಲಿನ ಲಾಭ ಆಮೇಲಿನದು. 2022ರ ಡಿಸೆಂಬರಿನಿಂದ ಆಸ್ಟ್ರೇಲಿಯಾದ ವೈನ್‌ಗೆ ಸುಂಕ ಇಳಿದಿದ್ದರೂ ಅದು ಬಾಟಲಿಗೆ 5 ಡಾಲರ್ ಅಥವಾ ಹೆಚ್ಚು ಬೆಲೆಯದಕ್ಕೆ ಮಾತ್ರ. ಕೊಟ್ಟ ದುಡ್ಡಿನಲ್ಲಿ ಹೆಚ್ಚಿನ ಪಾಲು ದ್ರಾಕ್ಷಿಗೆ ಸಲ್ಲುವುದು ಇಲ್ಲಿಯ ಬಾಟಲಿಯಲ್ಲೇ.

ಒಳ್ಳೆಯ ವೈನ್ ತಂದಿಟ್ಟೂ ಕೆಡಿಸುವುದು ಇಂಥ ಹೋಟೆಲುಗಳ ವಿಶೇಷ. ಒಲೆಯ ನೆಲ 430 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿರುತ್ತದೆ, ಅಂದಕ್ಕೆಂದು ಬಾಟಲಿಗಳನ್ನು ಅದರ ಪಕ್ಕದ ಕಪಾಟಿನಲ್ಲೇ ಜೋಡಿಸಿರುತ್ತಾರೆ. 30 ಡಿಗ್ರಿಯ ಮೇಲೆ ದಿನಗಟ್ಟಲೆ ಇದ್ದ ವೈನ್ ಕುದಿಸಿದ ಜಾಮ್‌ನಂತೆ ಮಂಕಾಗುತ್ತದೆ. ಕಾರ್ಕ್ ಬಾಟಲಿಯ ಬಾಯಿಂದ ಮೇಲೆದ್ದಿದ್ದರೆ ಅದು ಕಾದ ಬಾಟಲಿಯಿರಬಹುದು, ಬೇಡವೆನ್ನಿ. ಬಿಳಿಯದು 8ರಿಂದ 10 ಡಿಗ್ರಿಯಲ್ಲಿ ಮೇಜಿಗೆ ಬರಬೇಕು. ಕೆಂಪು ವೈನ್ ‘ರೂಮ್ ಟೆಂಪರೇಚರ್’ನಲ್ಲಿರಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳದ್ದು, ಏಪ್ರಿಲ್ ತಿಂಗಳ ಬೆಂಗಳೂರಿನದ್ದಲ್ಲ. ಅದನ್ನೂ 20 ನಿಮಿಷ ಫ್ರಿಜ್ಜಿನಲ್ಲಿಟ್ಟು ಕೊಡಲಿ.

ಗ್ಲಾಸ್ ಲೆಕ್ಕದಲ್ಲಿ ಮಾರುವಾಗಿನ ತೊಡಕೇ ತೆರೆದ ಬಾಟಲಿ. ಗಾಳಿ ತಾಗಿದ ವೈನ್ ಫ್ರಿಜ್ಜಿನಲ್ಲಿಟ್ಟರೂ ಮೂರು ದಿನದ ಮೇಲೆ ಸೊರಗುತ್ತದೆ. ಸುರಿದು ಹಾಕುವ ಆ ಭಾಗದ ನಷ್ಟ ಗ್ಲಾಸಿನ ಬೆಲೆಗೆ ಸೇರುತ್ತದೆ. ಹದಿನೈದು ಬಗೆಯ ಬದಲು ನಾಲ್ಕೇ ಬಗೆ ಇಟ್ಟು, ಬಾಟಲಿಯ ಮೇಲೆ ತೆರೆದ ದಿನಾಂಕದ ಚೀಟಿ ಅಂಟಿಸಿದರೆ ನಷ್ಟವೂ ಇಳಿಯುತ್ತದೆ, ಬೆಲೆಯೂ ಇಳಿಯಬಹುದು. ಬಾಕ್ಸಿನೊಳಗಿನ ಚೀಲದ ವೈನನ್ನು ಕೀಳೆಂದು ನೋಡಬೇಕಿಲ್ಲ. ಸುರಿದಂತೆಲ್ಲ ಚೀಲ ಕುಗ್ಗುವುದರಿಂದ ಗಾಳಿ ಒಳಹೋಗದೆ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಅನುಮಾನಿಸಬೇಕಾದದ್ದು ಜಗ್ಗಿನಲ್ಲಿ ಬರುವ, ವೈನಿಗೆ ಹಣ್ಣಿನ ಹೋಳು ಬೆರೆಸಿದ ಸಾಂಗ್ರಿಯಾವನ್ನು. ಹಳಸಲು ವೈನ್ ಕಿತ್ತಳೆ ಹೋಳುಗಳ ಕೆಳಗೆ ಸುಲಭವಾಗಿ ಅಡಗುತ್ತದೆ.

ಗಿರಾಕಿ ಮಾಡಬೇಕಾದ ಲೆಕ್ಕ ಚಿಕ್ಕದು. 750 ಎಂ.ಎಲ್. ಬಾಟಲಿಯಲ್ಲಿ 150 ಎಂ.ಎಲ್.ನ ಐದು ಗ್ಲಾಸ್. ಗ್ಲಾಸಿಗೆ 450, ಬಾಟಲಿಗೆ 1,600 ರೂಪಾಯಿ ಎಂದುಕೊಳ್ಳಿ: ನಾಲ್ವರು ಒಂದೊಂದು ಗ್ಲಾಸ್ ತರಿಸಿದರೆ 1,800 ಆಯಿತು, ಬಾಟಲಿಯಲ್ಲಾದರೆ ಐದನೆಯದೂ ಉಳಿಯುತ್ತಿತ್ತು. ಗ್ಲಾಸ್ 120 ಎಂ.ಎಲ್. ಆಗಿದ್ದರೆ ಈ ಲೆಕ್ಕ ಇನ್ನೂ ಕೆಡುತ್ತದೆ. ವಿಸ್ಕಿಗೆ 30, 60 ಎಂದು ಅಳೆದು ಕೊಡುವವರು ವೈನಿಗೆ ಕಣ್ಣಳತೆ ಬಿಡಲಿ. ಮೆನುವಿನಲ್ಲಿ ಬೆಲೆಯ ಪಕ್ಕದಲ್ಲೇ ಎಷ್ಟು ಎಂ.ಎಲ್. ಎಂದೂ ಅಚ್ಚಾಗಲಿ.

– ಹೋಟೆಲ್ ಉದ್ಯಮದ ಓದುಗರು, ಬೆಂಗಳೂರು